ಜಾಣೆ ಅಂದೆ, ಅವಳಿನ್ನೂ ಉತ್ತರವನ್ನೇ ಹೇಳಿರಲಿಲ್ಲ

ಪುಟ್ಟ ಮಕ್ಕಳಿಗೆ ಕಲಿಸುವ ಕೆಲಸಕ್ಕೆ ಸೇರಿ ಏಳೆಂಟು ವರ್ಷ ಆಗಿದ್ದಾಗ, ಒಂದು ದಿನ ನನ್ನದೇ ತರಗತಿಯನ್ನು ಫೋನಿನಲ್ಲಿ ರೆಕಾರ್ಡ್ ಮಾಡಿದೆ. ದೊಡ್ಡ ಉದ್ದೇಶವೇನೂ ಇರಲಿಲ್ಲ. ಮಕ್ಕಳು ಹೇಳುವ ಒಂದು ಹಾಡು ಬೇಕಿತ್ತು, ಅಷ್ಟೇ. ಫೋನನ್ನು ಕಪಾಟಿನ ಮೇಲಿಟ್ಟು ಆನ್ ಮಾಡಿದೆ, ಹಾಡು ಮುಗಿದ ಮೇಲೆ ಆಫ್ ಮಾಡುವುದು ಮರೆತುಹೋಯಿತು. ಹಾಗಾಗಿ ಹಾಡಿನ ಬಾಲಕ್ಕೆ ಇಪ್ಪತ್ತು ನಿಮಿಷದ ನನ್ನ ಪಾಠವೂ ಅಂಟಿಕೊಂಡಿತ್ತು.

ರಾತ್ರಿ ಪಾತ್ರೆ ತೊಳೆಯುತ್ತಾ ಅದನ್ನು ಕೇಳಿದೆ. ಮೊದಲಿಗೆ ನನ್ನ ದನಿ ನನಗೇ ಕಿರಿಕಿರಿ ಅನಿಸಿತು, ಅದು ಎಲ್ಲರಿಗೂ ಆಗುವಂಥದ್ದೇ ಬಿಡಿ. ಆದರೆ ಸ್ವಲ್ಪ ಹೊತ್ತಿಗೆ ಕೈ ನಿಂತುಬಿಟ್ಟಿತು. ಚಿತ್ರದ ಪುಸ್ತಕ ತೋರಿಸುತ್ತಾ ಒಬ್ಬ ಹುಡುಗಿಯನ್ನು ಕೇಳುತ್ತಿದ್ದೇನೆ, "ನಾಯಿಮರಿ ಎಲ್ಲಿ ಬಚ್ಚಿಟ್ಟುಕೊಂಡಿದೆ ಹೇಳು?" ಹಿಂದೆಯೇ ನಾನೇ, "ಮಂಚದ ಕೆಳಗೆ, ಅಲ್ವಾ? ಜಾಣೆ!" ಅಂದು ಪುಟ ತಿರುಗಿಸಿದ್ದೇನೆ. ಅವಳು ಬಾಯಿಯನ್ನೇ ಬಿಟ್ಟಿಲ್ಲ. ಹೇಳದ ಉತ್ತರಕ್ಕೆ ಜಾಣೆ ಅನ್ನಿಸಿಕೊಂಡಿದ್ದಾಳೆ. ಕೈ ಒರೆಸಿಕೊಂಡು ಹಿಂದಕ್ಕೆ ಹೋಗಿ ಮತ್ತೆ ಕೇಳಿದೆ. ನನ್ನ ಪ್ರಶ್ನೆಗೂ ನನ್ನದೇ ಉತ್ತರಕ್ಕೂ ನಡುವೆ ಒಂದು ಸಣ್ಣ ಸದ್ದಿದೆ. ಮಾತು ಶುರು ಮಾಡುವ ಮುಂಚೆ ಮಕ್ಕಳು ಎಳೆದುಕೊಳ್ಳುತ್ತಾರಲ್ಲ, ಆ ಉಸಿರು.

ಆ ಹುಡುಗಿಗೆ ಸೆರೆಬ್ರಲ್ ಪಾಲ್ಸಿ ಇತ್ತು, ಅಂದರೆ ಮಿದುಳಿನ ತೊಂದರೆಯಿಂದ ಸ್ನಾಯುಗಳ ಮೇಲೆ ಹಿಡಿತ ಕಮ್ಮಿ ಇರುವ ಸ್ಥಿತಿ. ವಾಕರ್ ಹಿಡಿದು ನಡೆಯುತ್ತಿದ್ದಳು. ಅವಳು ಬರುತ್ತಾಳೆ ಅಂತ ಗೊತ್ತಾದ ಮೇಲೆ ಬಾಗಿಲಿನ ಹೊಸ್ತಿಲು ತೆಗೆಸಿದ್ದೆವು, ಮೆಟ್ಟಿಲ ಪಕ್ಕದಲ್ಲಿ ಇಳಿಜಾರು ಮಾಡಿಸಿದ್ದೆವು, ಮೇಜುಗಳ ನಡುವೆ ವಾಕರ್ ತಿರುಗುವಷ್ಟು ಜಾಗ ಬಿಟ್ಟಿದ್ದೆವು. ನೋಡಲು ಬಂದವರಿಗೆಲ್ಲ ಅದನ್ನು ತೋರಿಸಿ ಸ್ವಲ್ಪ ಜಂಬವನ್ನೂ ಪಟ್ಟಿದ್ದೆ. ಅವಳ ತಲೆಯಲ್ಲಿ ಉತ್ತರ ಬೇರೆ ಮಕ್ಕಳಷ್ಟೇ ಬೇಗ ಹುಟ್ಟುತ್ತಿತ್ತು. ತುಟಿ, ನಾಲಿಗೆ, ಉಸಿರು ಮೂರನ್ನೂ ಹೊಂದಿಸಿ ಅದನ್ನು ಆಚೆ ತರುವುದಕ್ಕೆ ಮಾತ್ರ ಹೊತ್ತು ಬೇಕಿತ್ತು. ಆ ಹೊತ್ತನ್ನು ನಾನು ಕೊಟ್ಟೇ ಇರಲಿಲ್ಲ. ಬಾಗಿಲಿನ ಹೊಸ್ತಿಲು ಕಿತ್ತು ತಂದು ಅವಳ ಬಾಯಿಯ ಮುಂದೆ ಇಟ್ಟಿದ್ದೆ.

ಎಲ್ಲ ಮಕ್ಕಳಿಗೂ ಜಾಗ ಇರುವ ತರಗತಿ ಅಂದ ಕೂಡಲೇ ನಾವು ಸಾಮಾನುಗಳ ಬಗ್ಗೆ ಮಾತಾಡುತ್ತೇವೆ. ಇಳಿಜಾರು, ದೊಡ್ಡ ಅಕ್ಷರದ ಪುಸ್ತಕ, ಬೇರೆ ಬೇರೆ ಮೈಬಣ್ಣದ ಗೊಂಬೆಗಳು, ಗೋಡೆಯ ಮೇಲೆ 'ನಾವೆಲ್ಲ ಒಂದೇ' ಅನ್ನುವ ಚಾರ್ಟು. ಅದರಲ್ಲಿ ಬಹಳಷ್ಟು ಬೇಕಾದದ್ದೇ, ಚಾರ್ಟಿನ ಬಗ್ಗೆ ಮಾತ್ರ ನನಗೆ ಅನುಮಾನ. ಆದರೆ ನನ್ನ ತರಗತಿಯಲ್ಲಿ ಯಾವ ಮಗುವಾದರೂ ಹೊರಗೆ ಉಳಿದ ದಿನಗಳನ್ನು ನೆನಪಿಸಿಕೊಂಡರೆ, ಹೆಚ್ಚಿನ ಸಲ ಅಲ್ಲಿ ಕಾಣಿಸುವುದು ನನ್ನ ಅವಸರ. ಸಾಮಾನು ಇತ್ತು, ಜಾಗ ಇತ್ತು, ಒಳ್ಳೆ ಮನಸ್ಸೂ ಇತ್ತು. ಪುರುಸೊತ್ತು ಇರಲಿಲ್ಲ.

ಇದನ್ನು ನನಗಿಂತ ಎಷ್ಟೋ ಮುಂಚೆ ಕಂಡುಕೊಂಡವರು ಮೇರಿ ಬಡ್ ರೋ, ಅಮೆರಿಕದ ವಿಜ್ಞಾನ ಶಿಕ್ಷಣ ಸಂಶೋಧಕಿ. ಅವರ ಕೆಲಸವೂ ಟೇಪಿನಿಂದಲೇ ಶುರುವಾದದ್ದು. ನೂರಾರು ತರಗತಿಗಳ ಧ್ವನಿಮುದ್ರಣ ಕೂತು ಕೇಳಿ, ಮಾತಿನ ನಡುವಿನ ಮೌನವನ್ನು ಅಳೆದರು. 1974ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ ಇವತ್ತಿಗೂ ಶಿಕ್ಷಕರ ತರಬೇತಿಯಲ್ಲಿ ಬರುತ್ತದೆ. ಪ್ರಶ್ನೆ ಕೇಳಿದ ಶಿಕ್ಷಕರು ಉತ್ತರಕ್ಕಾಗಿ ಕಾಯುವುದು ಸರಾಸರಿ 1 ಸೆಕೆಂಡು. ಅಷ್ಟರಲ್ಲಿ ಮಗು ಶುರು ಮಾಡದಿದ್ದರೆ ಪ್ರಶ್ನೆಯನ್ನೇ ಮತ್ತೆ ಕೇಳುತ್ತಾರೆ, ಇಲ್ಲವೇ ಇನ್ನೊಬ್ಬರತ್ತ ತಿರುಗುತ್ತಾರೆ, ಇಲ್ಲವೇ ನನ್ನ ಹಾಗೆ ತಾವೇ ಹೇಳಿಬಿಡುತ್ತಾರೆ. ಮಗು ಒಂದು ವಾಕ್ಯ ಹೇಳಿ ನಿಲ್ಲಿಸಿದ ಮೇಲೂ ಅಷ್ಟೇ, ಇನ್ನೇನಾದರೂ ಸೇರಿಸುತ್ತದೋ ಅಂತ ಕಾಯುವುದಿಲ್ಲ. ಈ ಎರಡೂ ಕಡೆಯ ಮೌನವನ್ನು 3 ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, 'ಗೊತ್ತಿಲ್ಲ' ಅನ್ನುವುದು ಕಮ್ಮಿಯಾಯಿತು, ಮಕ್ಕಳು ತಾವೇ ಪ್ರಶ್ನೆ ಕೇಳತೊಡಗಿದರು.

ನನ್ನನ್ನು ಚುಚ್ಚಿದ್ದು ಅವರು ಕಂಡ ಇನ್ನೊಂದು ಸಂಗತಿ. ಶಿಕ್ಷಕರು ಯಾರನ್ನು ಜಾಣರು ಅಂದುಕೊಂಡಿದ್ದರೋ ಅವರಿಗಾಗಿ ಜಾಸ್ತಿ ಹೊತ್ತು ಕಾಯುತ್ತಿದ್ದರು, ದಡ್ಡರು ಅಂದುಕೊಂಡವರಿಗಾಗಿ ಕಮ್ಮಿ. ಯೋಚಿಸಿ ನೋಡಿ, ಹೊತ್ತು ಬೇಕಾದವರಿಗೇ ಕಡಿತ. ಇದನ್ನು ಯಾರೂ ಕೆಟ್ಟ ಮನಸ್ಸಿನಿಂದ ಮಾಡುವುದಿಲ್ಲ. ಆ ಮಗುವಿಗೆ ಮುಜುಗರ ಆಗದಿರಲಿ ಅಂತ ಬೇಗ ದಾಟಿಸುತ್ತೇವೆ. ನಾನು ಜಾಣೆ ಅಂದದ್ದೂ ಅಂಥ ಕರುಣೆಯಿಂದಲೇ.

ಮರುದಿನದಿಂದ ಕಾಯಲು ಶುರು ಮಾಡಿದೆ. ಹೇಳಲು ಸುಲಭ. 3 ಸೆಕೆಂಡು ಅಂದರೆ ಏನು ಅಂತ ನೀವೂ ಒಮ್ಮೆ ಪ್ರಯೋಗ ಮಾಡಿ: ಯಾರನ್ನಾದರೂ ಏನಾದರೂ ಕೇಳಿ, ಅವರ ಮುಖ ನೋಡುತ್ತಾ ಬಾಯಿ ಮುಚ್ಚಿಕೊಂಡು ಇರಿ. ಎರಡನೇ ಸೆಕೆಂಡಿಗೇ ಮೈ ತುರಿಸುತ್ತದೆ. ನಾಲ್ಕು ವರ್ಷದ ಇಪ್ಪತ್ತೈದು ಮಕ್ಕಳ ಎದುರು ಅದು ಒಂದು ಯುಗ. ನಾನು ಶೂ ಒಳಗೆ ಕಾಲ್ಬೆರಳುಗಳನ್ನು ಒಂದೊಂದಾಗಿ ಒತ್ತಿ ಲೆಕ್ಕ ಹಾಕುತ್ತಿದ್ದೆ. ನಾನು ಕಾದರೂ ಉಳಿದವರು ಕಾಯಬೇಕಲ್ಲ? "ಮಿಸ್ ನಾನು, ಮಿಸ್ ನಾನು, ಮಂಚದ ಕೆಳಗೆ, ಮಂಚದ ಕೆಳಗೆ!" ಮೊದಮೊದಲು ನನ್ನ ಮೌನವನ್ನು ಚುರುಕಾದ ನಾಲ್ಕು ಜನ ಹಂಚಿಕೊಂಡು ತಿಂದುಬಿಟ್ಟರು. ಕೈ ಎತ್ತಿಸುವುದನ್ನು ಬಿಟ್ಟೆ. ಕೈ ಎತ್ತುವುದು ವೇಗದ ಪಂದ್ಯ, ಸೋಲುವವರು ದಿನಾ ಅವರೇ. ಅದರ ಬದಲು ಪ್ರಶ್ನೆ ಕೇಳಿ ನನ್ನ ಅಂಗೈಯನ್ನು ತೋರಿಸಿ ಹಿಡಿಯುತ್ತಿದ್ದೆ. ಕೈ ಮೇಲಿರುವಷ್ಟು ಹೊತ್ತು ಉತ್ತರ ಕೆನ್ನೆಯೊಳಗೆ ಇರಬೇಕು ಅಂತ ನಿಯಮ. ಮಕ್ಕಳು ನಿಜವಾಗಿಯೂ ಕೆನ್ನೆ ಉಬ್ಬಿಸಿಕೊಂಡು ಕೂರುತ್ತಿದ್ದರು. ಆಮೇಲೆ ಪಕ್ಕದವರಿಗೆ ಹೇಳುವುದು, ಆಮೇಲೆ ನಾನು ಒಬ್ಬರನ್ನು ಕೇಳುವುದು. ಇದು ಅಭ್ಯಾಸ ಆಗಲು ಒಂದು ತಿಂಗಳಿಗೂ ಜಾಸ್ತಿ ಹಿಡಿಯಿತು, ನನಗೆ.

ವಿಚಿತ್ರ ಏನೆಂದರೆ, ನಾನು ಕಾದದ್ದು ಒಬ್ಬಳಿಗಾಗಿ, ಆದರೆ ಬಾಯಿ ಬಿಟ್ಟವರು ಬೇರೆ ಯಾರ್ಯಾರೋ. ಮನೆಯಲ್ಲಿ ಬೇರೆ ಭಾಷೆ ಆಡುವ ಒಬ್ಬ ಹುಡುಗ ಸೇರಿದಾಗಿನಿಂದ ಒಂದು ಮಾತೂ ಆಡಿರಲಿಲ್ಲ. ಹೊಸ ಭಾಷೆಗೆ ಬಿದ್ದ ಮಕ್ಕಳಲ್ಲಿ ಇಂಥ ಮೌನದ ಕಾಲ ಸಾಮಾನ್ಯ, ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಇರುತ್ತದೆ. ಸುಮ್ನೆ ಕೂತಿದ್ದರೂ ಒಳಗೆ ಕಲಿಕೆ ನಡೆದೇ ಇರುತ್ತದೆ. ಅವನಿಗೆ ಪ್ರಶ್ನೆಯನ್ನು ತನ್ನ ಭಾಷೆಗೆ ತಿರುಗಿಸಿ, ಉತ್ತರವನ್ನು ಮತ್ತೆ ನಮ್ಮ ಭಾಷೆಗೆ ತರಬೇಕು. ಎರಡು ಸಲ ಹೊಳೆ ದಾಟಿದ ಹಾಗೆ. ಇನ್ನೊಬ್ಬ ಹುಡುಗನಿಗೆ ಮಾತು ತೊದಲುತ್ತಿತ್ತು. ಉಗ್ಗು ಸಾಮಾನ್ಯವಾಗಿ 2ರಿಂದ 5 ವರ್ಷದೊಳಗೆ ಕಾಣಿಸಿಕೊಳ್ಳುತ್ತದೆ, ಅಂದರೆ ಸರಿಯಾಗಿ ನಮ್ಮ ಕೈಗೆ ಬರುವ ವಯಸ್ಸಿಗೆ. ಬಹುಪಾಲು ಮಕ್ಕಳಲ್ಲಿ ತಾನಾಗೇ ಹೋಗುತ್ತದೆ, ಕೆಲವರಲ್ಲಿ ಉಳಿಯುತ್ತದೆ. ಅವನಿಗೆ ನಾನು "ನಿಧಾನವಾಗಿ ಹೇಳು ಪುಟ್ಟ" ಅನ್ನುತ್ತಿದ್ದೆ, ಬಹಳ ಪ್ರೀತಿಯಿಂದ. ಮಾತಿನ ತೊಂದರೆಗೆ ಚಿಕಿತ್ಸೆ ಕೊಡುವವರೊಬ್ಬರು ಒಮ್ಮೆ ಬಂದಾಗ ನನ್ನನ್ನು ಬದಿಗೆ ಕರೆದು, ಅವನಿಗೆ ನಿಧಾನ ಅನ್ನಬೇಡಿ, ನೀವು ನಿಧಾನ ಮಾಡಿ ಅಂದರು. ಅವನ ಮಾತನ್ನು ನೀವು ಮುಗಿಸಿಕೊಡಬೇಡಿ, ತುಟಿ ನೋಡಬೇಡಿ, ಕಣ್ಣು ನೋಡಿ ಅಂತಲೂ ಅಂದರು.

ಈಗ ಒಂದು ಮಾತು. "ಅವನು ಹೇಳಿದ ಮಾತೇ ಕೇಳಲ್ಲ." ಶಿಕ್ಷಕರ ಕೋಣೆಯಲ್ಲಿ ದಿನಕ್ಕೆ ಹತ್ತು ಸಲ ಕೇಳಿಬರುವ ಮಾತಿದು. ನಮ್ಮ ಭಾಷೆಯಲ್ಲಿ 'ಕೇಳಲ್ಲ' ಅಂದರೆ ಹೇಳಿದ ಹಾಗೆ ನಡೆಯುವುದಿಲ್ಲ ಅಂತಲೂ ಆಗುತ್ತದೆ, ಕಿವಿಗೆ ಬೀಳುವುದಿಲ್ಲ ಅಂತಲೂ ಆಗುತ್ತದೆ. ಒಂದು ವರ್ಷ ನಾನು ಒಬ್ಬ ಹುಡುಗನ ಬಗ್ಗೆ ಮೊದಲ ಅರ್ಥದಲ್ಲಿ ದೂರುತ್ತಾ ಇದ್ದೆ, ನಿಜವಾಗಿ ಇದ್ದದ್ದು ಎರಡನೆಯದು. ನೆಗಡಿ ಬಂದು ಹೋದ ಮೇಲೆ ಕಿವಿಯ ತಮಟೆಯ ಹಿಂದೆ ದ್ರವ ನಿಂತುಕೊಳ್ಳುವುದು ಈ ವಯಸ್ಸಿನಲ್ಲಿ ಬಹಳ ಸಾಮಾನ್ಯ. ನೋವಿರುವುದಿಲ್ಲ, ಜ್ವರ ಇರುವುದಿಲ್ಲ, ಹಾಗಾಗಿ ಯಾರಿಗೂ ಗೊತ್ತಾಗುವುದಿಲ್ಲ. ನೀರೊಳಗೆ ಮುಳುಗಿ ಕೇಳಿಸಿಕೊಂಡ ಹಾಗೆ ಇರುತ್ತದಂತೆ. ಅದೂ ಒಂದು ವಾರ ಸರಿ, ಒಂದು ವಾರ ಮಂದ. ಹೋದ ವಾರ ಕೇಳಿಸಿಕೊಂಡವನು ಈ ವಾರ ತಿರುಗಿಯೂ ನೋಡದಿದ್ದರೆ ಹಟ ಅಂತಲೇ ಅನಿಸುವುದು, ಅಲ್ವಾ? ನಾನು ಅವನನ್ನು ಎರಡು ಸಲ ಮೂಲೆಯಲ್ಲಿ ಕೂರಿಸಿದ್ದೆ. ಅದನ್ನು ಬರೆಯದೆ ಬಿಡಬಹುದಿತ್ತು.

ಆಮೇಲೆ ನಮ್ಮ ಕೋಣೆಯ ಬಗ್ಗೆಯೇ ತಲೆ ಕೆಡಿಸಿಕೊಂಡೆ. ಬರೀ ಗೋಡೆ, ಬರೀ ನೆಲ, ಎತ್ತರದ ಸೂರು; ಚಪ್ಪಾಳೆ ತಟ್ಟಿದರೆ ಸದ್ದು ತಿರುಗಿ ತಿರುಗಿ ಬರುತ್ತಿತ್ತು. ದೊಡ್ಡವರು ಅರ್ಧ ಕೇಳಿಸಿದರೂ ಉಳಿದದ್ದನ್ನು ಊಹಿಸಿಕೊಳ್ಳುತ್ತೇವೆ, ಏಕೆಂದರೆ ನಮಗೆ ಪದಗಳು ಗೊತ್ತು. ಪದಗಳನ್ನೇ ಇನ್ನೂ ಕಲಿಯುತ್ತಿರುವವರಿಗೆ ಆ ಊಹೆ ಸಾಧ್ಯವಿಲ್ಲ. ಅಮೆರಿಕದಲ್ಲಿ 2002ರಲ್ಲಿ ತರಗತಿಗಳ ಸದ್ದಿಗೆ ಅಂತಲೇ ಒಂದು ಮಾನದಂಡ ಮಾಡಿದ್ದಾರೆ: ಸಾಧಾರಣ ಅಳತೆಯ ಖಾಲಿ ಕೋಣೆಯಲ್ಲಿ ಪ್ರತಿಧ್ವನಿ 0.6 ಸೆಕೆಂಡಿನೊಳಗೆ ಅಡಗಬೇಕು, ಹಿನ್ನೆಲೆಯ ಗದ್ದಲ 35 ಡೆಸಿಬೆಲ್ ದಾಟಬಾರದು. ನಮ್ಮದನ್ನು ಅಳೆಯಲು ಯಂತ್ರ ಎಲ್ಲಿಂದ ತರುವುದು? ಒಂದು ದಪ್ಪ ಜಮಖಾನ ಹಾಸಿದೆವು, ಕಿಟಕಿಗೆ ಬಟ್ಟೆ ಹಾಕಿದೆವು, ಕುರ್ಚಿಯ ಕಾಲುಗಳಿಗೆ ಹಳೆ ಟೆನಿಸ್ ಚೆಂಡು ಕತ್ತರಿಸಿ ತೊಡಿಸಿದೆವು. ಹಿಂದಿನ ಗೋಡೆಗೆ ಮೆತ್ತನೆ ಬಟ್ಟೆಯ ಬೋರ್ಡು. ಆ ಹುಡುಗನಿಗೆ ಎಷ್ಟು ಉಪಯೋಗ ಆಯಿತೋ, ಸಂಜೆ ನನ್ನ ಗಂಟಲು ಕಟ್ಟುವುದಂತೂ ನಿಂತಿತು. ಗದ್ದಲಕ್ಕೆ ಕಿವಿ ಮುಚ್ಚಿಕೊಂಡು ಮೇಜಿನ ಕೆಳಗೆ ಹೋಗುತ್ತಿದ್ದ ಇನ್ನೊಬ್ಬ ಹುಡುಗ ಮೇಜಿನ ಕೆಳಗಿಂದ ಎದ್ದು ಬಂದ.

ಎದ್ದು ಬಂದವನ ಕಥೆ ಬೇರೆಯೇ ಇದೆ. ಅವನು ಆಟಿಸಂ ಇರುವ ಹುಡುಗ. ಅವನ ಕಷ್ಟ ಪಾಠದಲ್ಲಿ ಇರಲಿಲ್ಲ, ಒಂದು ಕೆಲಸದಿಂದ ಇನ್ನೊಂದಕ್ಕೆ ಹೋಗುವಾಗ ಬರುತ್ತಿತ್ತು. ನಾವು ಆ ಹೊತ್ತನ್ನು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ದಿನದ ವೇಳಾಪಟ್ಟಿಯಲ್ಲಿ ಕಥೆ ಇರುತ್ತದೆ, ಚಿತ್ರ ಇರುತ್ತದೆ, ಆಟ ಇರುತ್ತದೆ. ಆಟಿಕೆ ಎತ್ತಿಡುವುದು, ಶೂ ಹಾಕುವುದು, ಸಾಲು ನಿಲ್ಲುವುದು ಇವು ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಆದರೆ ನನ್ನ ತರಗತಿಯ ಅಳು, ಕಚ್ಚಾಟ, ತಳ್ಳಾಟದಲ್ಲಿ ಬಹಳಷ್ಟು ನಡೆಯುತ್ತಿದ್ದದ್ದು ಅಲ್ಲಿಯೇ. "ಸಾಕು, ಎತ್ತಿಡಿ, ಬೇಗ ಬೇಗ, ಯಾರು ಫಸ್ಟ್?" ಅಂತ ಕೂಗುತ್ತಿದ್ದೆ. ಮರದ ತುಂಡುಗಳನ್ನು ಒಂದೊಂದೇ ಸಾಲಾಗಿ ಜೋಡಿಸಿ, ಕೊನೆಯ ಎರಡು ಬಾಕಿ ಇರುವಾಗ ದೊಡ್ಡವರೊಬ್ಬರು ಬಂದು ಎಲ್ಲವನ್ನೂ ಡಬ್ಬಿಗೆ ಸುರಿದರೆ ಯಾರಿಗಾದರೂ ಏನನಿಸುತ್ತದೆ? ನನ್ನ ಕೈಯಲ್ಲಿನ ಈ ಬರಹವನ್ನು ಯಾರಾದರೂ ಹಾಗೆ ಕಿತ್ತುಕೊಂಡರೆ ನಾನೂ ನೆಲಕ್ಕೆ ಬಿದ್ದು ಕಿರುಚುತ್ತಿದ್ದೆನೋ ಏನೋ.

ಇದಕ್ಕೆ ಮದ್ದು ಹಳೆಯದೇ. ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಎರಿಕ್ ಶಾಪ್ಲರ್ ಮತ್ತು ಅವರ ಜೊತೆಯವರು ಆಟಿಸಂ ಇರುವ ಮಕ್ಕಳಿಗಾಗಿ ಕಟ್ಟಿದ, 1972ರಲ್ಲಿ ಆ ರಾಜ್ಯದುದ್ದಕ್ಕೂ ಹರಡಿದ ಕಾರ್ಯಕ್ರಮದಲ್ಲಿ ಮುಖ್ಯವಾದ ಒಂದು ವಿಚಾರ ಇದು: ಮಾತಿನಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತದೆ, ಕಣ್ಣಿಗೆ ಕಂಡದ್ದು ನಿಲ್ಲುತ್ತದೆ. ಅದರಂತೆ ದಿನದ ಕೆಲಸಗಳನ್ನು ಚಿತ್ರಗಳಾಗಿ ಗೋಡೆಯ ಮೇಲೆ ಸಾಲಾಗಿ ಅಂಟಿಸಿದೆವು. ಮುಗಿದದ್ದನ್ನು ಕಿತ್ತು ಕೆಳಗಿನ ಚೀಲಕ್ಕೆ ಹಾಕುವುದು. ಜೊತೆಗೆ ಒಂದು ಮರಳು ಗಡಿಯಾರ. 5 ನಿಮಿಷ ಅಂದರೆ ಎಷ್ಟು ಅಂತ ನಾಲ್ಕು ವರ್ಷದ ಮಗುವಿಗೆ ಗೊತ್ತಿಲ್ಲ, ಮರಳು ಎಷ್ಟು ಉಳಿದಿದೆ ಅಂತ ಗೊತ್ತು. ಮುಗಿಯದ ಕೆಲಸ ಇಡಲು ಒಂದು ತಟ್ಟೆ, ಮೇಲೆ 'ಇನ್ನೂ ಇದೆ' ಅನ್ನುವ ಗುರುತು. ಇಷ್ಟೇ. ಒಂದು ವಾರದಲ್ಲಿ ಆ ಚಿತ್ರಪಟ್ಟಿ ಅವನೊಬ್ಬನದಾಗಿ ಉಳಿಯಲಿಲ್ಲ. ಅಮ್ಮ ಯಾವಾಗ ಬರುತ್ತಾಳೆ ಅಂತ ಗಂಟೆಗೆ ನಾಲ್ಕು ಸಲ ಅಳುತ್ತಿದ್ದ ಹುಡುಗಿ ತಾನೇ ಹೋಗಿ ಇನ್ನು ಮೂರು ಚಿತ್ರ ಇದೆ ಅಂತ ಎಣಿಸಿ ಬರುತ್ತಿದ್ದಳು.

ಆದರೆ ಒಂದನ್ನು ಮಾತ್ರ ಚಿತ್ರ ಅಂಟಿಸಿ ಸರಿಮಾಡಲು ಆಗಲಿಲ್ಲ. ಅದು 'ಪಾಪ' ಅನ್ನುವ ಪದ.

ಪುಟ್ಟ ಮಕ್ಕಳು ಕ್ರೂರಿಗಳು ಅಂತ ಜನ ಅನ್ನುತ್ತಾರೆ. ನಾನು ಕಂಡದ್ದು ಬೇರೆ. ಅವರು ಅತಿ ಸಹಾಯಕರು. ವಾಕರ್ ಹುಡುಗಿ ಬಂದ ಮೂರನೇ ದಿನಕ್ಕೇ ಅವಳಿಗೆ ನಾಲ್ಕು ಜನ ತಾಯಂದಿರು ಹುಟ್ಟಿಕೊಂಡಿದ್ದರು. ಅವಳ ಚೀಲ ಇವರು ತೆಗೆಯುವುದು, ಅವಳ ಬಾಟಲಿ ಇವರು ಬಿಚ್ಚುವುದು, ಅವಳ ಕೆನ್ನೆ ಸವರುವುದು. "ಪಾಪ ಮಿಸ್, ಅವಳಿಗೆ ಬರಲ್ಲ." ಮನೆಯಾಟದಲ್ಲಿ ಅವಳು ದಿನಾ ಪಾಪು. ಬೇರೆಯವರು ಡಾಕ್ಟರು, ಡ್ರೈವರು, ಅಮ್ಮ. ಇವಳು ಮಲಗಿಕೊಂಡು ಅಳಬೇಕಾದ ಪಾಪು. ನಮ್ಮಲ್ಲಿ ಪಾಪ ಅಂದ ಕೂಡಲೇ ಪಾಪು ಆಗಿಬಿಡುವುದು ಎಷ್ಟು ಸಲೀಸು ನೋಡಿ. ನಾನೂ ಅದನ್ನು ದೂರದಿಂದ ನೋಡಿ, ಎಷ್ಟು ಚೆನ್ನಾಗಿ ಹೊಂದಿಕೊಂಡಿದ್ದಾರೆ ಮಕ್ಕಳು ಅಂತ ಖುಷಿ ಪಟ್ಟಿದ್ದೆ. ಒಂದು ದಿನ ಅವಳು ಒಬ್ಬಳ ಕೈ ಕಚ್ಚಿದಳು. ಕಚ್ಚಿಸಿಕೊಂಡವಳು ಅವಳ ಶೂ ತೊಡಿಸುತ್ತಿದ್ದವಳು.

ಮಕ್ಕಳು ಇದನ್ನು ಎಲ್ಲಿಂದ ಕಲಿತರು? ಮತ್ತೆಲ್ಲಿಂದ, ನನ್ನಿಂದಲೇ. ಅವಳು ಶೂ ಹಾಕಿಕೊಳ್ಳಲು ಏಳು ನಿಮಿಷ ಬೇಕಿತ್ತು, ಹೊರಗೆ ಹೋಗುವ ಗಡಿಬಿಡಿಯಲ್ಲಿ ನಾನು ಮಂಡಿಯೂರಿ ಅರ್ಧ ನಿಮಿಷದಲ್ಲಿ ಹಾಕಿಬಿಡುತ್ತಿದ್ದೆ. ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುತ್ತಾರಲ್ಲ, ಹಾಗೆ. ಅವಳು ಆರು ತಿಂಗಳಿಂದ ಕಲಿಯುತ್ತಿದ್ದ ಕೆಲಸವನ್ನು ದಿನಾ ಅವಳ ಕೈಯಿಂದ ಕಿತ್ತುಕೊಳ್ಳುತ್ತಿದ್ದೆ, ಅದಕ್ಕೆ ಸಹಾಯ ಅನ್ನುವ ಹೆಸರಿತ್ತು. ಕಚ್ಚಿದ ದಿನದ ಮೇಲೆ ಎರಡು ಬದಲಾವಣೆ ಮಾಡಿದೆ. ಹೊರಗೆ ಹೋಗುವ ಹತ್ತು ನಿಮಿಷ ಮುಂಚೆ ಅವಳು ಶೂ ಕೆಲಸ ಶುರು ಮಾಡುತ್ತಿದ್ದಳು, ಕಥೆಯ ಕೊನೆಯನ್ನು ಶೂ ಹಾಕಿಕೊಳ್ಳುತ್ತಲೇ ಕೇಳುತ್ತಿದ್ದಳು. ಇನ್ನೊಂದು, ಯಾರಿಗೇ ಆಗಲಿ ಮುಟ್ಟುವ ಮುಂಚೆ "ಬೇಕಾ?" ಅಂತ ಕೇಳಬೇಕು. ಬೇಡ ಅಂದರೆ ಕೈ ಹಿಂದೆ. ಈ ನಿಯಮ ನನಗೂ ಸೇರಿತ್ತು. ನಾನು ಮರೆತಾಗ ಅವಳು ದೊಡ್ಡ ದನಿಯಲ್ಲಿ "ಬೇಡಾ" ಅನ್ನುತ್ತಿದ್ದಳು, ಆ ಒಂದು ಪದ ಮಾತ್ರ ಅವಳ ಬಾಯಿಂದ ತಡವಿಲ್ಲದೆ ಬರುತ್ತಿತ್ತು. ಮತ್ತೆ ಸಹಾಯ ಒಂದೇ ದಿಕ್ಕಿಗೆ ಹರಿಯಬಾರದು ಅಂತ ಅವಳಿಗೂ ಕೆಲಸ ಕೊಟ್ಟೆ. ಕಳೆದ ಮುಚ್ಚಳ, ಕಳೆದ ಸಾಕ್ಸು, ಕಳೆದ ಬಣ್ಣದ ಕಡ್ಡಿ ಎಲ್ಲಿದೆ ಅಂತ ಹೇಳುವುದರಲ್ಲಿ ಅವಳನ್ನು ಮೀರಿಸುವವರು ಇರಲಿಲ್ಲ. ಒಂದೇ ಕಡೆ ಕೂತು ಎಲ್ಲರನ್ನೂ ನೋಡುತ್ತಿದ್ದವಳಲ್ಲವೇ, ಎಲ್ಲವೂ ಗೊತ್ತಿರುತ್ತಿತ್ತು. ಮಕ್ಕಳು ಅವಳ ಬಳಿ ಹೋಗಿ ಕೇಳಿ, ಉತ್ತರ ಬರುವವರೆಗೆ ನಿಂತುಕೊಳ್ಳುತ್ತಿದ್ದರು. ಬೇಕಾದದ್ದು ಅವರಿಗೆ ತಾನೇ!

ಸಾಮಾನಿನ ವಿಷಯ ಪೂರ್ತಿ ಬಿಟ್ಟೆ ಅಂದುಕೊಳ್ಳಬೇಡಿ. ಎಡಗೈ ಮಕ್ಕಳಿಗೆ ಬೇರೆ ಕತ್ತರಿ ಕೊಡಿ. ಬಲಗೈ ಕತ್ತರಿಯನ್ನು ಎಡಗೈಯಲ್ಲಿ ಹಿಡಿದರೆ ಒತ್ತಿದಷ್ಟೂ ಅಲಗುಗಳು ದೂರ ಸರಿಯುತ್ತವೆ, ಕಾಗದ ಕತ್ತರಿಸುವ ಬದಲು ಮಡಚುತ್ತದೆ, ಗೆರೆಯೂ ಅಲಗಿನ ಹಿಂದೆ ಮರೆಯಾಗುತ್ತದೆ. ಆ ಮಗುವಿಗೆ ಕೈ ಕೆಲಸ ಬರಲ್ಲ ಅಂತ ನಾವು ಬರೆದುಕೊಳ್ಳುತ್ತೇವೆ. ಕುರ್ಚಿಯಲ್ಲಿ ಕೂತಾಗ ಪಾದ ನೆಲಕ್ಕೆ ತಾಗಬೇಕು, ತಾಗದಿದ್ದರೆ ಕಾಲಡಿಗೆ ಒಂದು ಪೆಟ್ಟಿಗೆ ಇಡಿ. ಕಾಲು ನೇತಾಡುತ್ತಿದ್ದರೆ ಕೈ ಸ್ಥಿರವಾಗುವುದಿಲ್ಲ. ಕೆಂಪು ಹಸಿರು ಗುಂಪು ಅಂತ ಬಣ್ಣದಿಂದ ಮಾತ್ರ ಗುರುತು ಮಾಡಬೇಡಿ, ಜೊತೆಗೊಂದು ಆಕಾರ ಇರಲಿ. ಯುರೋಪ್ ಮೂಲದ ಗಂಡಸರಲ್ಲಿ 100ಕ್ಕೆ ಸುಮಾರು 8 ಜನರಿಗೆ ಈ ಎರಡು ಬಣ್ಣಗಳನ್ನು ಬೇರೆ ಮಾಡುವುದು ಕಷ್ಟ, ಬೇರೆ ಜನರಲ್ಲೂ ಇದು ಅಪರೂಪವೇನಲ್ಲ. ಸೇರಿಸಿಕೊಳ್ಳುವ ಫಾರಂನಲ್ಲಿ 'ಮಗುವಿಗೆ ಏನು ತೊಂದರೆ' ಅಂತ ಕೇಳುವ ಜಾಗದಲ್ಲಿ 'ಅಳುವಾಗ ಏನು ಮಾಡಿದರೆ ಸಮಾಧಾನ' ಅಂತ ಕೇಳಿ ನೋಡಿ, ಅಪ್ಪ ಅಮ್ಮ ಎರಡು ಪುಟ ಬರೆಯುತ್ತಾರೆ.

ಮತ್ತೆ ಗುಂಡಿ ಹಾಕುವ ಚೌಕಟ್ಟು. ಮಾಂಟೆಸ್ಸರಿ ತರಗತಿಗಳಲ್ಲಿ ನೀವು ನೋಡಿರಬಹುದು, ಮರದ ಚೌಕಟ್ಟಿಗೆ ಎರಡು ತುಂಡು ಬಟ್ಟೆ, ನಡುವೆ ಗುಂಡಿ. ಯಾರೂ ಅವಸರ ಮಾಡದೆ ಮಗು ಎಷ್ಟು ಹೊತ್ತು ಬೇಕಾದರೂ ಬಿಚ್ಚಿ ಹಾಕಿ ಮಾಡಬಹುದು. ಮರಿಯಾ ಮಾಂಟೆಸ್ಸರಿ 1907ರ ಜನವರಿಯಲ್ಲಿ ರೋಮ್ ನಗರದ ಸ್ಯಾನ್ ಲೊರೆಂಜೊ ಎಂಬ ಬಡವರ ಬಡಾವಣೆಯಲ್ಲಿ 'ಮಕ್ಕಳ ಮನೆ' ಅನ್ನುವ ತಮ್ಮ ಮೊದಲ ಶಾಲೆ ತೆರೆಯುವ ಮುಂಚೆ ಕೆಲಸ ಮಾಡಿದ್ದು, ಬುದ್ಧಿ ಬೆಳೆದಿಲ್ಲ ಅಂತ ಹಣೆಪಟ್ಟಿ ಹಚ್ಚಿ ಬದಿಗೆ ತಳ್ಳಿದ್ದ ಮಕ್ಕಳ ಜೊತೆ. ಇಟಾರ್, ಸೆಗ್ವಾನ್ ಎಂಬ ಇಬ್ಬರು ಫ್ರೆಂಚ್ ವೈದ್ಯರು ಅಂಥ ಮಕ್ಕಳಿಗಾಗಿ ಮಾಡಿದ್ದ ಕೆಲಸವನ್ನು ಓದಿ, ಅದರ ಮೇಲೆ ತಮ್ಮದನ್ನು ಕಟ್ಟಿದರು. ಆ ಮಕ್ಕಳಿಗಾಗಿ ಹುಟ್ಟಿದ ಸಾಮಾನಿಗೆ ಇವತ್ತು ಅನುಕೂಲಸ್ಥರ ಮಕ್ಕಳು ದೊಡ್ಡ ಫೀಸು ಕಟ್ಟುತ್ತಾರೆ. ಅದನ್ನು ನೆನೆದಾಗಲೆಲ್ಲ ನನಗೆ ನಗು ಬರುತ್ತದೆ.

ಇಷ್ಟೆಲ್ಲ ಬರೆದ ಮೇಲೆ ಸೋತದ್ದನ್ನೂ ಹೇಳಬೇಕು. ಒಂದು ವರ್ಷ ನಾನಿದ್ದ ಕಡೆ ಆಡಳಿತದವರು ಒಬ್ಬ ಹುಡುಗನನ್ನು ಸೇರಿಸಿಕೊಂಡರು. ಅವನಿಗೆ ಪಕ್ಕದಲ್ಲಿ ಪೂರ್ತಿ ಹೊತ್ತು ಒಬ್ಬ ದೊಡ್ಡವರು ಬೇಕಿತ್ತು. ಕೊಡುತ್ತೇವೆ ಅಂದರು, ಕೊಡಲಿಲ್ಲ. ಹೊಸ ಕರಪತ್ರದಲ್ಲಿ ಮಾತ್ರ ನಾವು ಎಲ್ಲ ಮಕ್ಕಳನ್ನೂ ಒಳಗೊಳ್ಳುತ್ತೇವೆ ಅಂತ ಅಚ್ಚಾಯಿತು. ಅವನು ಬಾಗಿಲು ತೆರೆದಿದ್ದರೆ ಓಡುತ್ತಿದ್ದ, ಹಾಗಾಗಿ ನಾನು ಪಾಠ ಮಾಡುವಾಗ ಬಾಗಿಲಿಗೆ ಬೆನ್ನು ಕೊಟ್ಟು ನಿಲ್ಲುತ್ತಿದ್ದೆ. ನಾಲ್ಕು ತಿಂಗಳು ಹಾಗೆ ನಿಂತೆ. 3 ಸೆಕೆಂಡು ಕಾಯುವ ಶಿಕ್ಷಕಿಗೆ ಆ ವರ್ಷ ಉಸಿರಾಡಲು ಒಂದು ಸೆಕೆಂಡೂ ಇರಲಿಲ್ಲ. ಅವನು ಬಿಟ್ಟು ಹೋದ ದಿನ ನನಗೆ ದುಃಖಕ್ಕಿಂತ ಮೊದಲು ಹಗುರ ಅನಿಸಿತು. ಆಮೇಲೆ ಹಾಗೆ ಅನಿಸಿದ್ದಕ್ಕೆ ಅತ್ತೆ.

ಕಾಗದದ ಮೇಲೆ ಎಲ್ಲವೂ ಇದೆ. 1994ರಲ್ಲಿ ಸ್ಪೇನಿನ ಸಲಮಾಂಕದಲ್ಲಿ 92 ಸರ್ಕಾರಗಳ ಪ್ರತಿನಿಧಿಗಳು ಸೇರಿ, ವಿಶೇಷ ಅಗತ್ಯಗಳಿರುವ ಮಕ್ಕಳಿಗೂ ಸಾಮಾನ್ಯ ಶಾಲೆಯ ಬಾಗಿಲು ತೆರೆದಿರಬೇಕು ಅಂತ ಒಪ್ಪಿಕೊಂಡರು. 2006ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆ ಒಪ್ಪಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 24ನೇ ವಿಧಿ ಇನ್ನೂ ಸ್ಪಷ್ಟವಾಗಿದೆ: ಎಲ್ಲರನ್ನೂ ಒಳಗೊಳ್ಳುವ ಶಿಕ್ಷಣ ಇರಬೇಕು, ಜೊತೆಗೆ ಆ ಮಗುವಿಗೆ ಬೇಕಾದ ಹೊಂದಾಣಿಕೆ ಮತ್ತು ಬೆಂಬಲವೂ ಇರಬೇಕು. ಜನ ಮೊದಲ ಅರ್ಧವನ್ನು ಓದಿ ಪುಸ್ತಕ ಮುಚ್ಚುತ್ತಾರೆ. ಮಗುವನ್ನು ಒಳಗೆ ಬಿಟ್ಟು ಕೈ ತೊಳೆದುಕೊಳ್ಳುವುದಕ್ಕೆ ಸೇರಿಸಿಕೊಳ್ಳುವುದು ಅನ್ನಬಾರದು. ಹೊತ್ತು ಅಂದರೆ ಕೊನೆಗೆ ಕೈಗಳು, ಎಷ್ಟು ಮಕ್ಕಳಿಗೆ ಎಷ್ಟು ಜನ ದೊಡ್ಡವರು ಅನ್ನುವ ಲೆಕ್ಕ. ಅದು ನನ್ನ ತಾಳ್ಮೆಯಿಂದ ತುಂಬುವ ಹಳ್ಳವಲ್ಲ. ಇದನ್ನು ತಾಳ್ಮೆಯ ಬಗ್ಗೆ ಭಾಷಣ ಮಾಡಲು ಬರುವವರಿಗೆ ಹೇಳಬೇಕು ಅಂತ ಬಹಳ ದಿನದಿಂದ ಇತ್ತು.

ಪೋಷಕರ ಕಡೆಯಿಂದಲೂ ಪ್ರಶ್ನೆ ಬರುತ್ತದೆ, ಬರಬೇಕು ಕೂಡ. ಒಬ್ಬರು ಬಂದು ನೇರವಾಗಿ ಕೇಳಿದರು, "ಮೇಡಂ, ತಪ್ಪು ತಿಳ್ಕೋಬೇಡಿ. ಅವಳೊಬ್ಬಳಿಗೋಸ್ಕರ ಇಡೀ ಕ್ಲಾಸು ಕಾಯಬೇಕಾ? ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ ಆಗಲಿಲ್ವಾ ಇದು?" ಅವರ ಮಗ ಎಲ್ಲದರಲ್ಲೂ ಫಸ್ಟ್. ನಾನು ವಾದ ಮಾಡಲಿಲ್ಲ, ಒಂದು ದಿನ ಬಂದು ಹಿಂದೆ ಕೂತು ನೋಡಿ ಅಂದೆ. ಬಂದರು. ಅವತ್ತು ಅವರ ಮಗ ಉತ್ತರವನ್ನು ಕೆನ್ನೆಯಲ್ಲಿಟ್ಟುಕೊಂಡು ಕೂತವನು, ಕೈ ಇಳಿಸಿದ ಮೇಲೆ, "ಮೊದಲು ಬೇರೆ ಅನ್ಕೊಂಡಿದ್ದೆ, ಆಮೇಲೆ ಬದಲಾಯಿಸ್ದೆ" ಅಂದ. ಯಾವಾಗಲೂ ಮೊದಲ ಸೆಕೆಂಡಿಗೇ ಉತ್ತರ ಎಸೆಯುತ್ತಿದ್ದ ಹುಡುಗ. ಅವರು ಒಪ್ಪಿದರು ಅಂತ ನಾನು ಹೇಳುವುದಿಲ್ಲ, ಮುಂದಿನ ವರ್ಷ ಮಗನನ್ನು ಬೇರೆ ಕಡೆ ಸೇರಿಸಿದರು. ಅವರ ಪ್ರಶ್ನೆ ಸುಳ್ಳೂ ಅಲ್ಲ. ಕೆಲವು ದಿನ ಕಾದದ್ದು ಜಾಸ್ತಿಯಾಗಿ ಅರ್ಧ ತರಗತಿ ಕುಳಿತಲ್ಲೇ ಒದ್ದಾಡಿದ್ದೂ ಇದೆ. ಅಂಥ ದಿನ ಅವಳ ಉತ್ತರವನ್ನು ಆಮೇಲೆ ಪಕ್ಕದಲ್ಲಿ ಕೂತು ಕೇಳಿಸಿಕೊಂಡು, ಮರುದಿನ ಅವಳ ಹೆಸರಿನಲ್ಲಿ ಎಲ್ಲರಿಗೂ ಹೇಳುತ್ತಿದ್ದೆ.

ವರ್ಷದ ಕೊನೆಯ ಹೊತ್ತಿಗೆ ಬೆಳಗಿನ ಹವಾಮಾನ ಹೇಳುವ ಕೆಲಸ ಅವಳದಾಗಿತ್ತು. ಕಿಟಕಿಯಾಚೆ ನೋಡಿ ಬಿಸಿಲು, ಮೋಡ, ಮಳೆ ಇವುಗಳಲ್ಲಿ ಒಂದನ್ನು ಹೇಳಬೇಕು, ಒಬ್ಬರು ಆ ಚಿತ್ರ ಅಂಟಿಸುತ್ತಾರೆ. ಅವತ್ತು ನಾನು ತಡವಾಗಿ ಎದ್ದು, ಓಡಿ ಬಂದು, ಏದುಸಿರು ಬಿಡುತ್ತಾ ಜಮಖಾನದ ಮೇಲೆ ಕೂತಿದ್ದೆ. "ಇವತ್ತು ಹೊರಗೆ ಹೇಗಿದೆ?" ಅಂದೆ. ಮೌನ. ಕಾಲ್ಬೆರಳು ಎಣಿಸಿದೆ, ಒಂದು, ಎರಡು, ಮೂರು. ಅವಳು ಕಿಟಕಿ ನೋಡಲೇ ಇಲ್ಲ. ನಾಲ್ಕು, ಐದು. ಯಾರೋ ಕೆಮ್ಮಿದರು. ಇನ್ನೊಂದು ಪಾದಕ್ಕೆ ಹೋದೆ. ಉಸಿರು ಎಳೆದುಕೊಂಡ ಸದ್ದು ಬಂತು, ಆಮೇಲೆ ಒಂದೊಂದೇ ಪದ, ಪೂರ್ತಿಯಾಗಿ.

"ಮಿಸ್. ಒಂದು ಸಾಕ್ಸು. ಕಪ್ಪು. ಒಂದು. ನೀಲಿ."